ಡಾಕ್ಟರರ ಬಾಗಿಲಲ್ಲಿ ಚಪ್ಪಲಿ ಸಾಲು

ಅಕ್ಕನ ಮೊಮ್ಮಗಳು ಡಾಕ್ಟರಾಗಿ ಮಣ್ಣಗುಡ್ಡದ ಕ್ಲಿನಿಕ್ಕಿನಲ್ಲಿ ಕೆಲಸಕ್ಕೆ ಸೇರಿದ ಮೊದಲ ದಿನವೇ ಅಕ್ಕನನ್ನು ಅಲ್ಲಿಗೆ ಕರೆದುಕೊಂಡು ಹೋದೆ. ನಾನು ಹಾಸ್ಟೆಲಿನ ಗಂಟೆಗೆ ಎದ್ದು, ಗಂಟೆಗೆ ಉಂಡು ಓದಿದವನು. ಅಕ್ಕನಿಗೆ ಶಾಲೆ ದಕ್ಕಲಿಲ್ಲ. ದಲಿತರ ಹುಡುಗಿಯೆಂದು ಊರಿನ ದೊಡ್ಡವರ ಅಂಗಳದಲ್ಲಿ ಬರಿಗಾಲಲ್ಲಿ ನಿಂತೇ ಬೆಳೆದಳು. ಯಾರ ಜಗಲಿಯನ್ನೂ ಹತ್ತಿದವಳಲ್ಲ.

ಡಾಕ್ಟರರ ಕೋಣೆಯ ಬಾಗಿಲು ಕಂಡದ್ದೇ ಅಕ್ಕ ಚಪ್ಪಲಿ ಕಳಚಿ ಗೋಡೆಗೆ ಒತ್ತಿಕೊಂಡು ನಿಂತಳು.

"ಒಳಗೆ ಬಾ ಅಕ್ಕ, ನಿನ್ನದೇ ಮೊಮ್ಮಗಳು."

"ಇಲ್ಲಿಂದಲೇ ಕಾಣ್ತದೆ. ನೀನು ಹೋಗು."

ಆಕೆಯ ಚಪ್ಪಲಿ ನೋಡಿದ ರೋಗಿಗಳು ಇದು ಇಲ್ಲಿನ ನಿಯಮವೆಂದುಕೊಂಡು ಒಬ್ಬೊಬ್ಬರಾಗಿ ತಮ್ಮದನ್ನೂ ಕಳಚಿಟ್ಟರು. ಸುಮ್ಮನಿರಲಾರದ ನಾನು ಎಲ್ಲವನ್ನೂ ಜೋಡಿ ಮಾಡಿ ಗೋಡೆಯುದ್ದಕ್ಕೂ ನೇರ ಸಾಲಾಗಿ ಇಟ್ಟೆ. ಆಗ ಬೋಳಾರದಿಂದ ಬಂದಿದ್ದ ಮೀನು ಮಾರುವ ಹೆಂಗಸೊಬ್ಬಳು ಕೇಳಿದಳು: "ಎಂತ ಮಾರಾಯ್ರೆ, ಒಳಗೆ ಪೂಜೆ ಉಂಟಾ?"

ಅಕ್ಕ ಫಕ್ಕನೆ ನಕ್ಕಳು. ಕಾಯುತ್ತಿದ್ದವರೆಲ್ಲ ನಕ್ಕರು. ಗದ್ದಲ ಕೇಳಿ ಹೊರಬಂದ ಮೊಮ್ಮಗಳು ಅಜ್ಜಿಯ ಬರಿಗಾಲು ನೋಡಿದಳು. ಸಾಲಿನಿಂದ ಅಜ್ಜಿಯ ಚಪ್ಪಲಿ ಹುಡುಕಿ ತಂದು ಆ ಕಾಲ ಮುಂದಿಟ್ಟಳು.

"ಹಾಕಿಕೊಂಡೇ ಬಾ ಅಜ್ಜಿ. ಇದು ನನ್ನ ಕೋಣೆ."

ಅಕ್ಕ ಚಪ್ಪಲಿ ಮೆಟ್ಟಿ ಟಪಟಪನೆ ಒಳಗೆ ನಡೆದಳು. ರೋಗಿಯ ಸ್ಟೂಲು ಬಿಟ್ಟು ನೇರ ಡಾಕ್ಟರರ ತಿರುಗುವ ಕುರ್ಚಿಯಲ್ಲೇ ಕುಳಿತಳು. ಕುರ್ಚಿ ತುಸು ತಿರುಗಿತು. ಗಾಬರಿಯಿಂದ ಅದರ ಕೈಗಳನ್ನು ಹಿಡಿದುಕೊಂಡಳು. ಮೊಮ್ಮಗಳು ನಗುತ್ತಾ ಒಂದು ಸುತ್ತು ತಿರುಗಿಸಿದಳು.

"ಇನ್ನೂ ಜೋರು!" ಎಂದಳು ಅಕ್ಕ.