ನೊರೆ ಬಂದ ಕೆರೆನೀರು

ಶಿಡ್ಲಘಟ್ಟದ ನಮ್ಮ ಮನೆಯ ಹಿಂದಿನ ಕೆರೆಯಲ್ಲಿ ನಾನು ಈಜು ಕಲಿತೆ ಎಂದು ಮೊದಲು ಬರೆದಿದ್ದೆ. ಹೊಡೆದುಹಾಕಿದೆ. ಲಾರಿ ಟ್ಯೂಬಿನ ಮೇಲೆ ತೇಲಿದ್ದು ಅಣ್ಣ. ನಾನು ಏರಿಯ ಮೇಲೆ ಅವನ ಚಪ್ಪಲಿ ಕಾಯುತ್ತಿದ್ದೆ. ಅದೂ ಅಣ್ಣ ಹೇಳಿ ಹೇಳಿ ನನ್ನದಾದ ನೆನಪಿರಬಹುದು. ಕೆರೆ ಇದ್ದದ್ದಂತೂ ನಿಜ. ಮೇಲಿನ ಊರುಗಳ ಕೆರೆ ತುಂಬಿ ಕೋಡಿ ಹರಿದರೆ ಮಾತ್ರ ನಮ್ಮದಕ್ಕೆ ನೀರು. ಏರಿ ಕಟ್ಟಿಸಿದ್ದು ಪಾಳೇಗಾರ ಎನ್ನುವವರಿದ್ದಾರೆ, ಅವನ ಪಾತರದವಳು ಎನ್ನುವವರೂ ಇದ್ದಾರೆ. ಆಮೇಲೆ ಕೆರೆ ಬತ್ತಿತು. ಕೆರೆಯಂಗಳದಲ್ಲಿ ಕ್ರಿಕೆಟ್ ಆಡಿದರು, ಜಾಲಿ ಬೆಳೆಯಿತು.

ನಮ್ಮಪ್ಪ, ಅಬ್ಬಾ, ರೇಷ್ಮೆಗೂಡು ಬೇಯಿಸಿ ನೂಲು ತೆಗೆಸುವವರು. ನೀರು ಮೆದುವಾಗಿದ್ದರೆ ನೂಲಿಗೆ ಹೊಳಪು. ಕೆರೆ ಹೋದ ಮೇಲೆ ಬೋರ್‌ವೆಲ್ಲಿನ ಗಡಸು ನೀರಿನಲ್ಲಿ ನೂಲು ಮಂಕಾಯಿತು. ಕೊಳ್ಳುವವರು ನಮ್ಮ ನೂಲಿನ ಲಡಿ ಮುಟ್ಟಿ ನೋಡಿ ಪಕ್ಕಕ್ಕೆ ಇಡತೊಡಗಿದರು. ಒಲೆಗಳು ಆರುತ್ತ ಬಂದು ಒಂದೇ ಉಳಿಯಿತು. ಅದೂ ಆರಿದರೆ ಕಸುಬು ಮುಗಿಯಿತೆಂದು ಮನೆಯಲ್ಲಿ ಎಲ್ಲರಿಗೂ ಗೊತ್ತಿತ್ತು.

ಈಚೆಗೆ ಬೆಂಗಳೂರಿನ ಚರಂಡಿ ನೀರನ್ನು ಶುದ್ಧಮಾಡಿ ಪೈಪಿನಲ್ಲಿ ನಮ್ಮ ಕಡೆಯ ಕೆರೆಗಳಿಗೆ ಬಿಟ್ಟರು. ಕೆರೆ ತುಂಬಿತು. ಭಾನುವಾರ ಜನ ಬೈಕಿನಲ್ಲಿ ಏರಿಗೆ ಬಂದು ಸೆಲ್ಫಿ ತೆಗೆದುಕೊಳ್ಳುತ್ತಾರೆ, ಬಜ್ಜಿಯ ಗಾಡಿ ನಿಲ್ಲುತ್ತದೆ. ನೀರಿಗೆ ಮಾತ್ರ ಯಾರೂ ಇಳಿಯುವುದಿಲ್ಲ.

ಅಬ್ಬಾ ಇಳಿದರು. ನೀರು ಮೆದುವೋ ಗಡಸೋ ಎಂದು ನೋಡಲು ಅವರು ಅಂಗೈಯಲ್ಲಿ ಸೋಪು ಉಜ್ಜುತ್ತಾರೆ. ನೊರೆ ಬೇಗ ಬಂದರೆ ಒಳ್ಳೆಯ ನೀರು. ಅಂದು ಮೊಣಕೈವರೆಗೂ ನೊರೆ. ಒಂದು ಡ್ರಮ್ಮು ತುಂಬಿಸಿಕೊಂಡೇ ಬಂದರು.

ನಮ್ಮಲ್ಲಿ ನೂಲು ತೆಗೆಯುವ ಹೆಂಗಸು ಸೆರಗಿನಿಂದ ಮೂಗು ಮುಚ್ಚಿಕೊಂಡಳು.

"ಸಾಬ್ರೆ, ಬೆಂಗ್ಳೂರ್ನೋರು ಬಟ್ಟೆ ಒಗ್ದಿರೋ ಸೋಪು ಇದ್ರಾಗೇ ಐತೆ. ನೊರೆ ಬರ್ದೆ ಇನ್ನೇನ್ ಬರ್ತದೆ?"

"ನೀನ್ ಗೂಡು ಹಾಕಮ್ಮ. ಹುಡುಗ ಆಗಿದ್ದಾಗಿಂದ ಇದೇ ಕೈಯಾಗೆ ನೀರು ನೋಡ್ತಾ ಇದೀನಿ."

"ಕೈ ಏನೋ ನಿಮ್ದೇ. ನೀರು ಯಾರ್ದೋ ಕಣಪ್ಪ."

ಗೂಡು ಬೆಂದಿತು, ನೂಲು ಬಂತು. ಲಡಿ ಒಣಗಿದ ಮೇಲೆ ಅಬ್ಬಾ ಅದನ್ನು ಬಾಗಿಲ ಬೆಳಕಿಗೆ ಹಿಡಿದರು. ಬೋರ್ ನೀರಿನ ನೂಲಿಗಿಂತಲೂ ಮಂಕು, ಬೆರಳಿಗೆ ಜಿಡ್ಡು. ಆ ಸಲದ ಗೂಡೇ ಕೆಟ್ಟದಾಗಿತ್ತೋ ಏನೋ. ನಾನು ಎಲ್ಲವನ್ನೂ ನೀರಿನ ಮೇಲೆ ಹೊರಿಸುತ್ತಿರಬಹುದು. ಅಬ್ಬಾ ಅಂಥ ಅನುಮಾನ ಇಟ್ಟುಕೊಳ್ಳಲಿಲ್ಲ.

"ಬೋರ್ ನೀರಾಗೇ ತೆಗ್ಯಣ ಬಿಡಿ ಸಾಬ್ರೆ," ಎಂದಳು ಅವಳು.

"ಅದನ್ನ ಯಾರ್ ತಗೋತಾರೆ? ನೀನ್ ಸೀರೆ ನೇಯಿಸ್ಕೊಂತೀಯಾ?"

ಅವಳು ನಕ್ಕಳು. ನಗುತ್ತಲೇ ಬಾಣಲೆಯ ನೀರನ್ನು ಚೆಲ್ಲಿದಳು. ಅಬ್ಬಾ ಉರಿಯುತ್ತಿದ್ದ ಸೌದೆಯನ್ನು ಒಲೆಯಿಂದ ಎಳೆದು ಆರಿಸಿದರು.

ಮರುದಿನ ಬೆಳಿಗ್ಗೆ, ದಿನವೂ ಗೂಡು ಕೊಳ್ಳಲು ಮಾರುಕಟ್ಟೆಗೆ ಹೊರಡುವ ಹೊತ್ತಿಗೆ, ಅಬ್ಬಾ ಇಸ್ತ್ರಿ ಮಾಡಿದ ಅಂಗಿ ತೊಟ್ಟು ಜಗಲಿಯ ಮೇಲೆ ಕೂತಿದ್ದರು. ಅಲ್ಲೇ ಮಧ್ಯಾಹ್ನವಾಯಿತು.