ಸಿಗಬಾರದ ಕರು

ಮೊನ್ನೆ ಹಾಸನದಲ್ಲಿ ಡಾಕ್ಟರಮ್ಮ ಬರೆದುಕೊಟ್ಟ ಚೀಟಿಯಲ್ಲಿ, ಎರಡು ಮಾತ್ರೆಗಳ ಹೆಸರಿನ ಕೆಳಗೆ ‘ದಿನಾ ಮುಕ್ಕಾಲು ಗಂಟೆ ನಡಿಗೆ’ ಎಂದಿತ್ತು. ಓದಿದವಳೇ ಫಕ್ಕನೆ ನಕ್ಕುಬಿಟ್ಟೆ. ಡಾಕ್ಟರಮ್ಮ ಪೆನ್ನು ಕೆಳಗಿಟ್ಟು ನನ್ನನ್ನೇ ನೋಡಿದರು. ಅವರ ತಪ್ಪೇನಿಲ್ಲ. ಐದು ನಿಮಿಷದ ಹಿಂದಷ್ಟೇ ನಾನು ಅದೇ ಕುರ್ಚಿಯಲ್ಲಿ ಕುಳಿತು, ಆರು ತಿಂಗಳ ಕೂಸನ್ನು ತೊಡೆಯ ಮೇಲಿಟ್ಟುಕೊಂಡು, ‘ನಗು ಬಂದು ಮೂರು ತಿಂಗಳಾಯ್ತು ಮೇಡಂ’ ಎಂದು ಮೂಗು ಒರೆಸಿಕೊಂಡಿದ್ದೆ. ಕೂಸು ಮಲಗಿದೊಡನೆ ನಾನು ಬಾತ್‌ರೂಮಿಗೆ ಹೋಗಿ ನಲ್ಲಿ ಬಿಟ್ಟುಕೊಂಡು ಅಳುತ್ತೇನೆಂಬುದು ನನ್ನ ಗಂಡನನ್ನು ಬಿಟ್ಟರೆ ಯಾರಿಗೂ ಗೊತ್ತಿರಲಿಲ್ಲ. ಅವ್ವನಿಗಂತೂ ಹೇಳಿರಲೇ ಇಲ್ಲ. ಫೋನಿನಲ್ಲಿ ‘ಚೆನ್ನಾಗಿದೀನಿ’ ಎನ್ನುವುದರಲ್ಲಿ ನಾನು ಪಳಗಿದ ಕೈ.

ನಗು ಬಂದದ್ದು ಅವ್ವನ ಕರು ನೆನಪಾಗಿ. ನಿಮಗೂ ಸ್ವಲ್ಪ ಪುರುಸೊತ್ತಿದ್ದರೆ ಹೇಳುತ್ತೇನೆ, ಕೂತುಕೊಳ್ಳಿ.

ಒಂಬತ್ತು ವರ್ಷದ ಹಿಂದಿನ ಮಾತು. ನಾನಾಗ ಬಿ.ಎಡ್. ಮುಗಿಸಿ, ಕೆಲಸಕ್ಕೆ ಅರ್ಜಿ ಹಾಕಿ, ಕುಂದೂರಿನ ಹತ್ತಿರದ ನಮ್ಮೂರಿನಲ್ಲಿ ಕುಳಿತು ಕೇಳಿದವರಿಗೂ ಕೇಳದವರಿಗೂ ಬುದ್ಧಿ ಹೇಳುತ್ತಿದ್ದ ಕಾಲ. ಆ ವರ್ಷವೇ ಅಪ್ಪ ಮತ್ತು ಚಿಕ್ಕಪ್ಪ ಪಾಲಾದರು. ಕಾಫಿ ಗಿಡ ಹೂ ಬಿಡಲು ಬೇಕಾದ ಹೂಮಳೆ ಕೈಕೊಟ್ಟಾಗ ತೋಟಕ್ಕೆ ಮೊದಲು ಯಾರು ನೀರು ಹೊಡೆಯಬೇಕೆಂದು ಶುರುವಾದ ಜಗಳ, ಅಡಿಗೆಮನೆಯ ನಡುವೆ ಗೋಡೆ ಎದ್ದ ಮೇಲೆ ನಿಂತಿತು. ಮೇಸ್ತ್ರಿ ಎಷ್ಟು ಕರಾರುವಾಕ್ಕಾಗಿ ದಾರ ಹಿಡಿದನೆಂದರೆ ಒಲೆ ನಮ್ಮ ಕಡೆಗೆ ಬಂತು, ಒರಳು ಅವರ ಕಡೆಗೆ ಹೋಯಿತು. ಹೀಗಾಗಿ ಸುಮಾರು ದಿನ ನಾವು ರುಬ್ಬದ್ದನ್ನು ಉಂಡೆವು, ಅವರು ಬೇಯದ್ದನ್ನು ಉಂಡರು.

ಆ ಅಡಿಗೆಮನೆಯಲ್ಲಿ ಅವ್ವ ಮತ್ತು ಗಿರಿಜ ಚಿಕ್ಕವ್ವ ಹದಿನೆಂಟು ವರ್ಷ ಒಟ್ಟಿಗೆ ದುಡಿದಿದ್ದರು. ಒಬ್ಬಳು ಕಡುಬು ಕಟ್ಟಿದರೆ ಇನ್ನೊಬ್ಬಳು ಬೇಯಿಸುವಳು. ಒಬ್ಬಳು ಅತ್ತೆಯನ್ನು ಬೈದರೆ ಇನ್ನೊಬ್ಬಳು ಬಾಗಿಲು ಕಾಯುವಳು. ಈಗ ಅಪ್ಪ, ‘ಆ ಕಡೇರ ಜೊತೆ ಮಾತು ಬ್ಯಾಡ’ ಎಂದು ಕಟ್ಟಪ್ಪಣೆ ಮಾಡಿದ. ಗೋಡೆಯಾಚೆ ಚಿಕ್ಕಪ್ಪನೂ ಅದನ್ನೇ ಹೇಳಿದನಂತೆ. ಪಾಲಾದ ಮೇಲೆ ಅಣ್ಣತಮ್ಮಂದಿರು ಒಮ್ಮತಕ್ಕೆ ಬಂದದ್ದು ಅದೊಂದೇ ವಿಷಯದಲ್ಲಿ.

ಅವ್ವ ಎದುರಾಡಲಿಲ್ಲ, ಅಳಲೂ ಇಲ್ಲ. ಸುಮ್ಮನಾದಳು. ಮೊದಲು ಮಾತು ಹೋಯಿತು, ಆಮೇಲೆ ನಿದ್ದೆ, ಆಮೇಲೆ ಸಾರಿನಿಂದ ಉಪ್ಪು. ಅಕ್ಕಿಯ ಮೊರ ಹಿಡಿದು ಹಿತ್ತಲಲ್ಲಿ ಕುಳಿತರೆ ಒಂದು ಕಲ್ಲೂ ಆರಿಸದೆ ಮಧ್ಯಾಹ್ನದವರೆಗೆ ಕುಳಿತೇ ಇರುವಳು. ಕೋಳಿಗಳು ಬಂದು ಮೊರದಿಂದಲೇ ಹೆಕ್ಕಿ ತಿಂದು ಹೋಗುತ್ತಿದ್ದವು, ಅವಳು ‘ಹುಶ್’ ಎನ್ನುತ್ತಿರಲಿಲ್ಲ. ಅಪ್ಪ ತನಗೆ ತಿಳಿದದ್ದನ್ನೆಲ್ಲ ಮಾಡಿದ. ದೃಷ್ಟಿ ತೆಗೆಸಿದ, ಮಠಕ್ಕೆ ಕರೆದೊಯ್ದು ವಿಭೂತಿ ಹಚ್ಚಿಸಿದ, ಕೊನೆಗೆ ಹೊಸ ಮಿಕ್ಸಿಯನ್ನೂ ತಂದುಕೊಟ್ಟ. ಒಂದು ದಿನ ಅವ್ವ ಬಟ್ಟೆ ಒಣಹಾಕುತ್ತ, ಯಾರಿಗೂ ಅಲ್ಲವೆಂಬಂತೆ, ‘ನಾನಿದ್ರೇನು, ಹೋದ್ರೇನು’ ಎಂದಳು. ಬುದ್ಧಿ ಹೇಳುವುದನ್ನು ಬಿಟ್ಟು ಅವತ್ತೇ ಅಪ್ಪನ ಬೆನ್ನುಹತ್ತಿ ಅವಳನ್ನು ಹಾಸನಕ್ಕೆ ಹೊರಡಿಸಿದೆ.

ಅಲ್ಲಿಯ ಡಾಕ್ಟರು ವಯಸ್ಸಾದವರು, ನಿಧಾನದವರು. ಅವ್ವನ ಜೊತೆ ಒಂದು ಗಂಟೆ ಮಾತಾಡಿ ಮಾತ್ರೆ ಬರೆದರು. ‘ದಿನಾ ತಪ್ಪದೆ ನಡೀಬೇಕು’ ಎಂದೂ ಹೇಳಿದರು.

ಅಪ್ಪ, ‘ಬೆಳಗೆದ್ರೆ ಕೊಟ್ಟಿಗೆ, ತ್ವಾಟ, ಅಡ್ಗೆಮನೆ ಅಂತ ನಡೀತಾನೇ ಇರ್ತಾಳಲ್ಲ ಸಾರ್?’ ಎಂದ.

‘ಅದು ಕೆಲಸ. ಕೆಲಸ ಇಲ್ಲದೆ ಸುಮ್ಮನೆ ನಡೀಬೇಕು.’

ಅಪ್ಪ ಬಸ್ಸಿನಲ್ಲಿ ದಾರಿಯುದ್ದಕ್ಕೂ ಗೊಣಗಿದ. ‘ಮಾಡಕ್ಕೆ ಕೆಲ್ಸ ಇಲ್ದಿರೋ ಬಡಗಿ ಮಗನ ಕುಂಡೆ ಕೆತ್ತಿದ್ನಂತೆ. ಸುಮ್ಮನೆ ನಡೆಯದು ಅಂದ್ರೇನು?’

ನಮ್ಮ ಕಡೆಯವರಲ್ಲದವರಿಗೆ ಅಪ್ಪನ ಕಷ್ಟ ಅರ್ಥವಾಗದು. ನಮ್ಮೂರ ರಸ್ತೆಯಲ್ಲಿ ಯಾರು ಬೇಕಾದರೂ ನಡೆಯಬಹುದು, ಆದರೆ ಎಲ್ಲಿಗೋ ನಡೆಯಬೇಕು. ಎದುರಾದ ಪ್ರತಿಯೊಬ್ಬರೂ ‘ಎಲ್ಲಿಗ್ ಹೊಂಟ್ರಿ?’ ಎನ್ನುತ್ತಾರೆ. ಅದಕ್ಕೆ ಒಂದು ಊರಿನ ಹೆಸರನ್ನೋ ಒಂದು ಕೆಲಸವನ್ನೋ ಹೇಳಲೇಬೇಕು. ‘ಸುಮ್ಮನೆ’ ಎಂದವಳನ್ನು ಮಾರನೆಯ ದಿನ ಊರೆಲ್ಲ ಬೇರೆ ಕಣ್ಣಿಂದ ನೋಡುತ್ತದೆ. ತಲೆ ಕೆಟ್ಟಿದೆಯೆಂದು ಊರಿಗೆ ಗೊತ್ತಾಗಬಾರದು ಎನ್ನುವುದೊಂದೇ ಆಗ ಅವ್ವನಿಗಿದ್ದ ಹಟ.

ಮೊದಲನೇ ದಿನ ನಾವಿಬ್ಬರೂ ಹೊರಟೆವು. ಯಾರೋ ಕೇಳಿದರು. ಅವ್ವ ಗಾಬರಿಯಲ್ಲಿ, ಬಾಯಿಗೆ ಬಂದ ಊರಿನ ಹೆಸರು ಹಿಡಿದು, ‘ಮಗ್ಗೆಗೆ’ ಎಂದಳು. ಅಷ್ಟು ಸಾಕಾಯಿತು. ಕೇಳಿದಾತ ಓಡಿಹೋಗಿ ತಿರುವಿನಲ್ಲಿದ್ದ ಬಸ್ಸನ್ನು ಅಡ್ಡಹಾಕಿದ. ಬಸ್ಸಿನಲ್ಲಿದ್ದವರೆಲ್ಲ ಕಿಟಕಿಯಿಂದ ತಲೆ ಹಾಕಿ ‘ಬಿರ್ರನೆ ಬಾರಕ್ಕ’ ಎಂದು ಕೂಗಿದರು. ಅಷ್ಟೊಂದು ಉಪಕಾರವನ್ನು ಬೇಡವೆನ್ನಲಾಗದೆ ಹತ್ತಿದೆವು. ಮಗ್ಗೆಯಲ್ಲಿ ಇಳಿದು, ಒಂದೊಂದು ಟೀ ಕುಡಿದು, ಅದೇ ಬಸ್ಸಿನಲ್ಲಿ ವಾಪಸು ಬಂದೆವು. ಎರಡನೇ ದಿನ ಜೀಪಿನವನೊಬ್ಬ ಬಲವಂತವಾಗಿ ಹತ್ತಿಸಿಕೊಂಡ, ಮೂರನೇ ದಿನ ಇಬ್ಬರು ಬೈಕಿನವರು. ವಾರ ಮುಗಿಯುವಷ್ಟರಲ್ಲಿ ಡಾಕ್ಟರು ಹೇಳಿದ ನಡಿಗೆಯ ಹೆಸರಿನಲ್ಲಿ ಅವ್ವ ಆಲೂರು ತಾಲ್ಲೂಕಿನ ಅರ್ಧ ಭಾಗವನ್ನು ಕುಳಿತೇ ಸುತ್ತಿದ್ದಳು.

ಆಗ ನನ್ನ ಬಿ.ಎಡ್. ತಲೆಗೆ ಉಪಾಯ ಹೊಳೆಯಿತು. ಎಲ್ಲಿಗೂ ಹೋಗದೆ ಎಲ್ಲ ಕಡೆಗೂ ಹೋಗುವ ಕೆಲಸ ಯಾವುದು? ಕಳೆದುಹೋದ ದನ ಹುಡುಕುವುದು! ಅದಕ್ಕೆ ಜೀಪು ಹತ್ತೆಂದು ಯಾರೂ ಹೇಳುವುದಿಲ್ಲ. ನಮ್ಮ ಕೊಟ್ಟಿಗೆಯ ದನಗಳೆಲ್ಲ ಊರಿಗೇ ಪರಿಚಯ. ಅದಕ್ಕೆ ಅವ್ವನ ತವರು ಬಿಸಿಲೆ ಕಡೆಯಿಂದ ಒಂದು ಕರು ಬಂತೆಂದೂ, ಬಂದ ದಿನವೇ ಹಗ್ಗ ಕಿತ್ತುಕೊಂಡು ಓಡಿತೆಂದೂ ಕಥೆ ಕಟ್ಟಿದೆ. ಕಂದು ಬಣ್ಣ, ಹಣೆಯಲ್ಲಿ ಬಿಳಿ ಬೊಟ್ಟು. ಅವ್ವನ ಕೈಗೆ ಒಂದು ಹಗ್ಗ ಕೊಟ್ಟೆ. ಒಳ್ಳೆಯ ಟೀಚರಾಗುತ್ತೇನೆಂದು ಅವತ್ತು ನನಗೆ ಖಾತ್ರಿಯಾಯಿತು.

ನಾಲ್ಕು ದಿನ ಸುಖವಾಗಿ ನಡೆದೆವು. ಐದನೇ ದಿನ ಡೇರಿಯಲ್ಲಿ ಹಾಲು ಅಳೆಯುವ ನಂಜಣ್ಣನ ಕಿವಿಗೆ ಕರುವಿನ ಸುದ್ದಿ ಬಿತ್ತು. ಹಾಲು ಹಾಕಲು ಬಂದವರಿಗೆಲ್ಲ ಹೇಳಿದ್ದು ಸಾಲದೆ ಅವನು ಅದನ್ನು ಆನೆ ಗ್ರೂಪಿಗೂ ಹಾಕಿಬಿಟ್ಟ. ಆನೆಗಳು ಇವತ್ತು ಯಾವ ತೋಟದಲ್ಲಿವೆ, ಯಾವ ರಸ್ತೆ ದಾಟಿದವು ಎಂದು ನಮ್ಮ ಕಡೆಯವರು ಒಬ್ಬರಿಗೊಬ್ಬರು ತಿಳಿಸಲು ಮಾಡಿಕೊಂಡ ವಾಟ್ಸಪ್ ಗ್ರೂಪು ಅದು. ಅದರಲ್ಲಿ ಬಂದದ್ದನ್ನು ಯಾರೂ ತಮಾಷೆಯೆಂದುಕೊಳ್ಳುವುದಿಲ್ಲ.

ಎತ್ತು ಕರು ಹಾಕಿತು ಅಂದರೆ ಕೊಟ್ಟಿಗೆಗೆ ಕಟ್ಟು ಅಂದರಂತೆ, ಹಾಗಾಯಿತು. ಸಂಜೆಯೊಳಗೆ ಕರುವನ್ನು ಕಂಡವರು ಆರು ಜನ ಆದರು. ಒಬ್ಬ ಕೆರೆಯ ಹತ್ತಿರ ನೋಡಿದ್ದ. ಇನ್ನೊಬ್ಬ ಹೆಜ್ಜೆ ಗುರುತಿನ ಫೋಟೋ ಹಾಕಿದ. ಮೂರನೆಯವನು, ‘ಐದು ಆನೆ, ಒಂದು ಮರಿ, ಜೊತೆಗೆ ಕಂದು ಕರು ಒಂದು ಐತೆ. ಎಲ್ಲರೂ ಹುಷಾರು’ ಎಂದು ಧ್ವನಿ ಸಂದೇಶ ಕಳಿಸಿದ. ಮಾರನೆಯ ದಿನ ಇಬ್ಬರು ಯಾರದೋ ಕರುವನ್ನು ಎಳೆದುಕೊಂಡು ನಮ್ಮ ಅಂಗಳಕ್ಕೇ ಬಂದರು. ಅವ್ವ ಅದರ ಸುತ್ತ ಒಂದು ಸುತ್ತು ಬಂದು, ಗಂಭೀರವಾಗಿ, ‘ಇದಲ್ಲ ಕಣಪ್ಪ. ನಮ್ಮದ್ರ ಮೊಖದಲ್ಲಿ ಇನ್ನೂ ಸ್ವಲ್ಪ ಲಕ್ಷಣ ಐತೆ’ ಎಂದಳು. ತಿಂಗಳುಗಳ ಮೇಲೆ ಅವಳ ಬಾಯಿಂದ ಅಷ್ಟುದ್ದದ ಮಾತು ಬಂದದ್ದು ಅದೇ ಮೊದಲು. ಆ ಕರುವಿನ ಯಜಮಾನ ಬಂದು ಅವರಿಬ್ಬರನ್ನೂ ಬೈದು ಕರು ಹೊಡೆದುಕೊಂಡು ಹೋದ.

ಪಾಪ, ಹೆಚ್ಚು ಪಾಡುಪಟ್ಟವನು ಅಪ್ಪ. ಟೀ ಅಂಗಡಿಯಲ್ಲಿ ‘ಕರು ಸಿಕ್ತಾ?’ ಎಂದು ಕೇಳಿದವರಿಗೆಲ್ಲ ಅವನು ಮುಖದ ಬೆವರೊರೆಸಿಕೊಂಡು ‘ಹುಡುಕ್ತಾವ್ರೆ’ ಎನ್ನಬೇಕಿತ್ತು. ಸುಳ್ಳು ಅವನಿಗೆ ಒಗ್ಗದ ವಿದ್ಯೆ. ಆದರೂ ಹೇಳಿದ. ಅವ್ವನಿಗಾಗಿ ಅಪ್ಪ ಮಾಡಿದ್ದರಲ್ಲಿ ಮಿಕ್ಸಿಗಿಂತ ದೊಡ್ಡದು ಅದೆಂದು ನನಗೆ ಈಗ ಅನ್ನಿಸುತ್ತದೆ.

ಹತ್ತು ಹದಿನೈದು ದಿನಕ್ಕೆ ಎಸ್ಟೇಟ್ ಕೂಲಿಯವರ ಲೈನ್ ಮನೆಯ ಸಾಕಮ್ಮ ಜೊತೆಯಾದಳು. ಅವಳ ಗಂಡ ಕುಡಿದು ಬಂದು ಪಾತ್ರೆ ಎಸೆಯುವವನು. ‘ನಾನೂ ಹುಡುಕ್ತೀನಿ ಅಕ್ಕ’ ಎಂದು ಬಂದವಳು, ಮೂರು ದಿನ ನಡೆದು, ಗಂಡನ ಕಥೆ, ಅತ್ತೆಯ ಕಥೆ, ನೆಗ್ಗಿದ ಅಲ್ಯೂಮಿನಿಯಂ ಪಾತ್ರೆಯ ಕಥೆ ಎಲ್ಲ ಹೇಳಿಕೊಂಡಳು. ನಾಲ್ಕನೇ ದಿನ ದಾರಿ ಮಧ್ಯೆ ನಿಂತು ದನಿ ಇಳಿಸಿ ಕೇಳಿದಳು:

‘ಅಕ್ಕ, ಒಂದ್ ಮಾತು. ಕರು ಏನಾರ ಸಿಕ್ಬುಟ್ರೆ ಏನ್ ಮಾಡದು?’

ಅವ್ವ ಅವಳ ಮುಖ ನೋಡಿದಳು. ‘ಸಿಗಲ್ಲ ಬಾ’ ಎಂದಳು. ಸಾಕಮ್ಮ ನಿಟ್ಟುಸಿರು ಬಿಟ್ಟು ಮತ್ತೆ ಹೆಜ್ಜೆ ಹಾಕಿದಳು. ಅವಳಿಗೆ ಎಲ್ಲ ಗೊತ್ತಿತ್ತು. ಬಹುಶಃ ಊರಿನ ಹೆಂಗಸರಿಗೆಲ್ಲ ಮೊದಲ ದಿನದಿಂದಲೂ ಗೊತ್ತಿತ್ತು. ನಂಬಿದ್ದವರು ಗಂಡಸರು ಮಾತ್ರ.

ಹೀಗೆ ನಡೆಯುತ್ತಿದ್ದಾಗ ಒಂದು ದಿನ ಮೋರಿಯ ಹತ್ತಿರ ಗಿರಿಜ ಚಿಕ್ಕವ್ವ ನಿಂತಿದ್ದಳು. ಗೋಡೆ ಎದ್ದು ಆಗಲೇ ಹದಿನಾಲ್ಕು ತಿಂಗಳು. ಒಂದೇ ಸೂರಿನಡಿ ಇದ್ದೂ ಅವಳ ಮುಖವನ್ನು ಅಷ್ಟು ಹತ್ತಿರದಿಂದ ನಾವು ನೋಡಿರಲಿಲ್ಲ. ಸೊರಗಿ ಅರ್ಧವಾಗಿದ್ದಳು. ಕೈಯಲ್ಲಿ ಒಂದು ಹಗ್ಗವಿತ್ತು.

ಅವ್ವ ನಿಂತಳು. ಸಾಕಮ್ಮನೂ ನಾನೂ ನಿಂತೆವು. ಚಿಕ್ಕವ್ವ ನೆಲ ನೋಡುತ್ತ ಹೇಳಿದಳು:

‘ನಮ್ದೂ ಕಾಣ್ತಿಲ್ಲ ಕಣಕ್ಕ.’

‘ಯಾವ ಬಣ್ಣದ್ದು?’ ಎಂದು ಅವ್ವ ಕೇಳಿದಳು.

‘ನಿಂದು ಯಾವ್ದೋ ಅದೇ.’

ಅವ್ವನಿಗೆ ನಗು ಬಂತು. ಮೊದಲು ಭುಜ ಕುಲುಕಿತು, ಆಮೇಲೆ ಹೊಟ್ಟೆ ಹಿಡಿದುಕೊಂಡು ಮೋರಿಯ ಕಟ್ಟೆಯ ಮೇಲೆ ಕುಳಿತೇಬಿಟ್ಟಳು. ಚಿಕ್ಕವ್ವನೂ ನಗುತ್ತ ಪಕ್ಕದಲ್ಲಿ ಕುಸಿದಳು. ನಗುತ್ತಿದ್ದವರು ಯಾವಾಗ ಅಳಲು ಶುರುಮಾಡಿದರೋ ನನಗೆ ತಿಳಿಯಲಿಲ್ಲ. ‘ನಿದ್ದೆ ಬತ್ತದಾ?’ ಎಂದು ಇವಳು, ‘ಉಣ್ತೀಯಾ?’ ಎಂದು ಅವಳು ಕೇಳಿಕೊಂಡರು. ನಾನು ಎರಡು ಹಗ್ಗ ಹಿಡಿದು ನಿಂತಿದ್ದೆ. ಅವ್ವ ಬದುಕಿಕೊಂಡಳು ಎಂದು ನನಗೆ ಧೈರ್ಯ ಬಂದದ್ದು ಆ ಗಳಿಗೆಯಲ್ಲಿ. ಆಗ ನಾನೂ ಅತ್ತೆ.

ಮಾತ್ರೆಯನ್ನು ಅವ್ವ ಮುಂದೆಯೂ ಒಂದೂವರೆ ವರ್ಷ ನುಂಗಿದಳು. ನಡುವೆ ಎರಡು ಸಲ ಮತ್ತೆ ಮಂಕಾದಳು, ಮತ್ತೆ ಎದ್ದಳು. ಗೋಡೆ ಇವತ್ತಿಗೂ ಇದೆ. ಆದರೆ ಒಂದು ಬೆಳಗ್ಗೆ ಡೇರಿಯಲ್ಲಿ ನಂಜಣ್ಣ ಎಂದಿನಂತೆ ಅಪ್ಪನನ್ನು ‘ಕರು ಏನಾತು ಮಾರಾಯ?’ ಎಂದು ಕೇಳಿದಾಗ, ಅಪ್ಪ ಬಾಯಿ ಬಿಡುವಷ್ಟರಲ್ಲಿ, ಹಿಂದೆ ಕ್ಯಾನು ಹಿಡಿದು ನಿಂತಿದ್ದ ಚಿಕ್ಕಪ್ಪ, ‘ಅದು ಸಿಗಂಗೆ ಕಾಣಲ್ಲ ಬುಡು’ ಎಂದನಂತೆ. ಅಪ್ಪ ತಿರುಗಿ ನೋಡಿ, ‘ಹೂಂ, ನಂಗೂ ಹಂಗೇ ಅನ್ನಿಸ್ತದೆ’ ಎಂದನಂತೆ. ಅಣ್ಣತಮ್ಮಂದಿರ ರಾಜಿ ಅಷ್ಟರಲ್ಲೇ ಮುಗಿಯಿತು. ಮಾರನೆಯ ದಿನದಿಂದ ಹೆಂಗಸರ ಮಾತಿಗೆ ಯಾರೂ ಅಡ್ಡಬರಲಿಲ್ಲ.

ಇಷ್ಟೆಲ್ಲ ಕಣ್ಣಾರೆ ಕಂಡ ನಾನು ನನ್ನ ಸರದಿ ಬಂದಾಗ ಮಾಡಿದ್ದೇನು? ನಲ್ಲಿ ಬಿಟ್ಟುಕೊಂಡು ಅತ್ತೆ. ನಾಚಿಕೆಯಾಯಿತು. ಡಾಕ್ಟರಮ್ಮನ ಚೀಟಿ ಹಿಡಿದು ಮನೆಗೆ ಬಂದವಳೇ ಅವ್ವನಿಗೆ ಫೋನು ಮಾಡಿದೆ.

‘ಚೆನ್ನಾಗಿದೀಯೇನವ್ವ?’ ಎಂದಳು.

‘ಇಲ್ಲ ಅವ್ವ.’

‘ಎಷ್ಟ್ ದಿನದಿಂದ?’

‘ಮೂರು ತಿಂಗಳು.’

‘ಮೂರು ತಿಂಗಳು ಒಬ್ಬಳೇ ಇಟ್ಕೊಂಡಿದ್ದಾ? ನಾಳೆ ಮೊದಲ್ನೇ ಬಸ್ಸಿಗೆ ಬತ್ತೀವಿ.’

‘ಬತ್ತೀವಿ ಅಂದ್ರೆ ಯಾರ್ಯಾರು?’

‘ನಾನು ಒಬ್ಬಳೇ ಎಲ್ಲಿಗೆ ಬತ್ತೀನಿ?’ ಎಂದು ಫೋನು ಇಟ್ಟಳು.

ಬೆಳಗ್ಗೆ ಐದು ಜನ ಇಳಿದರು. ಅವ್ವ, ಚಿಕ್ಕವ್ವ, ಸಾಕಮ್ಮ, ಮತ್ತೆ ನನಗೆ ಹೆಸರೂ ನೆನಪಿಲ್ಲದ ಇಬ್ಬರು. ಆ ಇಬ್ಬರಲ್ಲಿ ಒಬ್ಬಾಕೆ ದಾರಿಯಲ್ಲಿ ಬಸ್ಸು ಹತ್ತಿಕೊಂಡವಳಂತೆ. ಕಾಫಿ ಕುಡಿದದ್ದೇ ತಡ, ಕೂಸನ್ನು ಎತ್ತಿಕೊಂಡು ನನ್ನನ್ನು ಹತ್ತಿರದ ಪಾರ್ಕಿಗೆ ಹೊರಡಿಸಿದರು. ಸೀರೆ ಎತ್ತಿಕಟ್ಟಿ ರಸ್ತೆಯ ಅಗಲಕ್ಕೂ ನಡೆಯುವ ಈ ದಂಡನ್ನು ನೋಡಿ ಪಾರ್ಕಿನ ಕಾವಲಿನವನು ಕೋಲು ಹಿಡಿದು ಎದ್ದು ಬಂದ.

‘ಏನಮ್ಮಾ, ಇಷ್ಟು ಜನ ಎಲ್ಲಿಗೆ?’

ಕೂಸಿಗೆ ಗಾಳಿ ಕುಡಿಸಲು ಎನ್ನುವ ಸುಳ್ಳು ತುಟಿಯವರೆಗೆ ಬಂದಿತ್ತು. ಅಷ್ಟರಲ್ಲಿ ಅವ್ವ, ತೋಟದ ಆ ತುದಿಯಲ್ಲಿರುವವರನ್ನು ಕೂಗಿ ಕರೆಯುವ ದನಿಯಲ್ಲಿ ಹೇಳಿದಳು:

‘ಎಲ್ಲಿಗೂ ಇಲ್ಲ ಕಣಪ್ಪ. ನನ್ ಮಗಳಿಗೆ ಮನಸ್ಸು ಸರಿಯಿಲ್ಲ. ಮಾತ್ರೆ ತಗತಾವಳೆ. ನಾವು ಅವಳ ಜೊತೇಲಿ ಸುಮ್ಮನೆ ನಡೀತಾ ಇದೀವಿ.’

ಪಾರ್ಕಿನ ಅರ್ಧ ಜನ ತಿರುಗಿ ನೋಡಿದರು. ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಕಾವಲಿನವನು ಒಂದು ಕ್ಷಣ ತಲೆ ಕೆರೆದುಕೊಂಡ. ‘ಹಂಗಾರೆ ನಡೀರಿ, ನಡೀರಿ. ಹೂವಿನ ಗಿಡ ಮಾತ್ರ ತುಳೀಬ್ಯಾಡಿ’ ಎಂದು ಪಕ್ಕಕ್ಕೆ ಸರಿದು ದಾರಿ ಬಿಟ್ಟ.

ಮೂರು ತಿಂಗಳು ಕದ್ದು ಅತ್ತವಳು ಅವತ್ತು ಎಲ್ಲರ ನಡುವೆ, ಹಾಡಹಗಲು, ನಡೆಯುತ್ತಲೇ ಜೋರಾಗಿ ಅತ್ತೆ. ಯಾರೂ ನಿಲ್ಲಲಿಲ್ಲ, ಅಳಬೇಡವೆಂದು ಯಾರೂ ಹೇಳಲಿಲ್ಲ. ಅವ್ವ ನನ್ನ ಕೈ ಹಿಡಿದುಕೊಂಡಳು. ನಾವು ಇನ್ನೊಂದು ಸುತ್ತು ಹೊರಟೆವು.