ಕುಂಕುಮ ಹಚ್ಚಿದ ಆರು ಪೆನ್‌ಡ್ರೈವ್‌ಗಳು

ಶಿಗ್ಗಾಂವಿಯಲ್ಲಿ ನನ್ನದೊಂದು ಕಂಪ್ಯೂಟರ್ ರಿಪೇರಿ ಅಂಗಡಿ. ಹಳೆಯದು ಬಂದರೆ ‘ಹೊಸಾದ್ ತಗೋರಿ’ ಎಂದು ಗಿರಾಕಿಯನ್ನು ಸಾಗಹಾಕುವವರನ್ನು ಕಂಡರೆ ನನಗೆ ಮೈಯೆಲ್ಲ ಉರಿ. ಹಳೆಯ ಮಷಿನ್‌ಗೆ ಹಳೆಯ ಓಎಸ್ಸೇ, ಅಂದರೆ ಆಪರೇಟಿಂಗ್ ಸಿಸ್ಟಮ್ಮೇ, ಬೇಕು. ಅದಕ್ಕೇ ಆರು ಪೆನ್‌ಡ್ರೈವ್‌ಗಳಲ್ಲಿ ಅವುಗಳ ಇನ್‌ಸ್ಟಾಲರ್ ಇಟ್ಟಿದ್ದೆ. ಅಮಾವಾಸ್ಯೆಗೆ ಗಿರಾಕಿ ಕಡಿಮೆ. ಅಂದು ಷಟರ್ ಅರ್ಧ ಎಳೆದು ಒಂದೊಂದನ್ನೇ ಅಪ್‌ಡೇಟ್ ಮಾಡುತ್ತಿದ್ದೆ. ಐದು ಡ್ರೈವ್‌ಗಳು ಹೆಜ್ಜೆಹೆಜ್ಜೆಗೂ ಕೇಳಿ ಕೆಲಸ ಮಾಡುತ್ತವೆ. ಆರನೆಯದು ಶಾಲೆಗಳ ಲ್ಯಾಬ್‌ಗೆಂದು ಮಾಡಿದ್ದು. ಚುಚ್ಚಿದರೆ ಸಾಕು, ಒಂದು ಮಾತೂ ಕೇಳದೆ ಡಿಸ್ಕ್ ಅಳಿಸಿ ಹೊಸದಾಗಿ ಓಎಸ್ ಹಾಕಿಬಿಡುತ್ತದೆ. ಅದರ ಬಗ್ಗೆ ನನಗೆ ಜಂಬವೂ ಇತ್ತು.

ಮಹಾನವಮಿಯ ಆಯುಧ ಪೂಜೆಗೆ ಸ್ಕ್ರೂಡ್ರೈವರ್‌ಗಳ ಜೊತೆ ಆ ಆರೂ ಡ್ರೈವ್‌ಗಳನ್ನು ಒದ್ದೆ ಅರಿವೆಯಲ್ಲಿ ಒರೆಸಿ, ವಿಭೂತಿ ಎಳೆದು, ಕುಂಕುಮ ಇಟ್ಟೆ. ಯಾವುದು ಯಾವುದೆಂದು ಬರೆದು ಅವಕ್ಕೆ ಅಂಟಿಸಿದ್ದ ಚೀಟಿಗಳ ಇಂಕು ಕಲಸಿ ಹೋಯಿತು. ಅಮಾವಾಸ್ಯೆಗೆ ಬರೆದರಾಯಿತು ಎಂದು ಬಿಟ್ಟೆ.

ಮರುವಾರ ಹಿರೇಬೆಂಡಿಗೇರಿಯ ಒಬ್ಬ ಹೆಣ್ಣುಮಗಳು ಸಿಪಿಯು ಹೊತ್ತು ಬಂದಳು. ಎಂಬ್ರಾಯ್ಡರಿ ಮಷಿನ್ ಇಟ್ಟುಕೊಂಡವಳು. ತನ್ನ ಅಜ್ಜಿಯ ಇಳಕಲ್ ಸೀರೆಯಲ್ಲಿದ್ದ ಕಸೂತಿಯನ್ನು ಎಳೆ ಎಣಿಸಿ ಎಣಿಸಿ ಕಂಪ್ಯೂಟರಿಗೆ ಇಳಿಸಿದ್ದಳು. ಸೀರೆ ಹಿಂಜಿ ಹಾಳಾಗಿತ್ತು. ಆ ಡಿಸೈನ್‌ಗಳು ಈಗ ಇದ್ದದ್ದು ಆ ಕಂಪ್ಯೂಟರ್ ಒಂದರಲ್ಲೇ.

“ವಾರ ಆತ್ರಿ ಅಕ್ಕಾರ, ಚಾಲೂ ಆಗವಲ್ದು. ಏನರ ಮಾಡ್ರಿ, ಡಿಸೈನ್ ಅಷ್ಟ ಉಳಿಸಿ ಕೊಡ್ರಿ.”

“ಎಲ್ಲೂ ಹೋಗೂದಿಲ್ಲ ತಗೋ. ಕುಂದ್ರವಾ.”

ಮೊದಲು ಡಿಸ್ಕ್ ಬಿಚ್ಚಿ ಒಳಗಿನದನ್ನು ಕಾಪಿ ಮಾಡಿಕೊಳ್ಳಬೇಕು. ಇದು ನನಗೆ ಗೊತ್ತಿಲ್ಲದ್ದೇನಲ್ಲ. ಪೆನ್‌ಡ್ರೈವನ್ನು ನನ್ನ ಕಂಪ್ಯೂಟರಿನಲ್ಲಿ ಹಾಕಿ ಯಾವುದೆಂದಾದರೂ ನೋಡಬಹುದಿತ್ತು. ಅವಳು ಬಸ್ಸಿನ ವೇಳೆ ನೋಡುತ್ತಿದ್ದಳು, ನನಗೆ ಹಸಿವೆ. ಇವಳ ಮಷಿನ್ನಿನ ಓಎಸ್ಸಿನದು ಇದೇ ಇರಬೇಕು ಎಂದು ಒಂದನ್ನು ಚುಚ್ಚಿದೆ.

‘ರಿಪೇರಿ ಮಾಡಲೇ?’ ಎಂದು ಕೇಳಬೇಕಿದ್ದ ಸ್ಕ್ರೀನು ಏನೂ ಕೇಳಲಿಲ್ಲ. ಗೆರೆಯೊಂದು ಸರಸರ ಓಡತೊಡಗಿತು. ಚುಚ್ಚಿದ್ದು ಲ್ಯಾಬಿನ ಆ ಆರನೆಯದನ್ನು. ವೈರು ಕಿತ್ತೆ.

“ಏನಾತ್ರಿ?”

“ಏನಿಲ್ಲ, ತಡಿ.”

ಡಿಸ್ಕನ್ನು ಬಿಚ್ಚಿ ನನ್ನ ಕಂಪ್ಯೂಟರಿಗೆ ಜೋಡಿಸಿದೆ. ಅಳಿಸಿದ್ದನ್ನು ಹುಡುಕಿ ತೆಗೆಯುವ ಸಾಫ್ಟ್‌ವೇರ್‌ಗಳು ನನ್ನಲ್ಲಿದ್ದವೆಷ್ಟೋ ಅಷ್ಟನ್ನೂ ಓಡಿಸಿದೆ. ಎರಡು ಬಸ್ಸು ಹೋದವು. ಅವಳು ಸ್ಟೂಲಿನಿಂದ ಏಳಲಿಲ್ಲ. ಒಂದಷ್ಟು ಫೈಲುಗಳು ಸಿಕ್ಕವು, ಒಂದೂ ತೆರೆಯಲಿಲ್ಲ. ನಿಜ ಹೇಳಬೇಕೆಂದು ಎರಡು ಸಲ ಬಾಯಿ ತೆರೆದೆ. ಊರೆಲ್ಲ ಸುದ್ದಿಯಾದರೆ ನನ್ನ ಅಂಗಡಿಗೆ ಯಾರು ಬರುತ್ತಾರೆ ಎಂಬ ಹೆದರಿಕೆ.

“ಡಿಸ್ಕ್ ಮೊದಲ ಕೆಟ್ಟಿತ್ತವಾ,” ಎಂದೆ. ಎಷ್ಟು ಸಲೀಸಾಗಿ ಬಂತು ಆ ಮಾತು.

ಅವಳು ಅಳಲಿಲ್ಲ. ಸಿಪಿಯು ಮೇಲಿನ ಧೂಳನ್ನು ಸೆರಗಿನಿಂದ ಒರೆಸಿದಳು.

“ನಂದ ತಪ್ಪರಿ ಅಕ್ಕಾರ. ಬಂದ್ ಆದ ದಿನಾನ ತರಬೇಕಿತ್ತು. ನಾನ ತಡಾ ಮಾಡಿ ಕಳಕೊಂಡೆ, ಅಲ್ರಿ?”

ನಾನು ಪೆನ್‌ಡ್ರೈವ್‌ಗಳನ್ನು ಡ್ರಾವರಿಗೆ ಹಾಕುತ್ತಿದ್ದೆ. ತಲೆ ಎತ್ತಲಿಲ್ಲ.

“ಹೌದವಾ, ತಡಾ ಮಾಡಬಾರದಿತ್ತು,” ಎಂದೆ.